ಓಡುವಾಗಲೂ ನಿಂತಂತೆ ಕಾಣುವ ಕಾರ್ಟೂನ್ ಪಾತ್ರ: ಭಂಗಿಯಲ್ಲಿ ಚಲನೆ ತರುವುದು ಹೇಗೆ?

ಗೀಚುಪುಸ್ತಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬರೆದ ಮಕ್ಕಳ ಕಥೆಯೊಂದಕ್ಕೆ ನಾನೇ ಚಿತ್ರಗಳನ್ನು ರಚಿಸುತ್ತಿದ್ದೇನೆ. ಕಥಾನಾಯಕ ಎಂಟು ವರ್ಷದ ಹುಡುಗ. ತಲೆ ದೊಡ್ಡದು, ಮೈ ಚಿಕ್ಕದು, ಒಟ್ಟು ಎತ್ತರ ತಲೆಯ ಮೂರರಷ್ಟು. ಮುಖಭಾವ, ಕೂದಲು, ಬಟ್ಟೆಬರೆಗಳ ವಿಷಯದಲ್ಲಿ ನನಗೆ ಹೆಚ್ಚಿನ ತೊಡಕಿಲ್ಲ. ತೊಡಕಿರುವುದು ಭಂಗಿಯಲ್ಲಿ. ಮೊದಲ ಪುಟದಲ್ಲಿ ಈ ಹುಡುಗ ಬೇಲಿಯಾಚೆಗಿನ ಮಾವಿನ ಮರಕ್ಕೆ ಕಲ್ಲೆಸೆಯಬೇಕು, ಎರಡನೆಯ ಪುಟದಲ್ಲಿ ತೋಟದ ಯಜಮಾನನನ್ನು ಕಂಡು ಕಾಲಿಗೆ ಬುದ್ಧಿ ಹೇಳಬೇಕು. ಕೈಯನ್ನು ಮೇಲೆತ್ತಿದ್ದೇನೆ, ಒಂದು ಕಾಲನ್ನು ಮುಂದಿಟ್ಟಿದ್ದೇನೆ, ಓಟದ ಚಿತ್ರದಲ್ಲಿ ಹಿಂದುಗಡೆ ವೇಗದ ಗೆರೆಗಳನ್ನೂ ಎಳೆದಿದ್ದೇನೆ. ಆದರೂ ಎರಡೂ ಚಿತ್ರಗಳಲ್ಲಿ ಅವನು ಫೋಟೋ ತೆಗೆಸಿಕೊಳ್ಳಲು ನಿಂತವನಂತೆಯೇ ಕಾಣುತ್ತಾನೆ.

ನಾನು ಅನುಸರಿಸುವ ಕ್ರಮ ಹೀಗಿದೆ: ಮೊದಲು ತಲೆಗೆ ವೃತ್ತ, ಅದರ ಕೆಳಗೆ ಮೈಗೆ ಪೆಟ್ಟಿಗೆ, ಆಮೇಲೆ ಕೈಕಾಲು. ಇನ್ನೊಂದು ವಿಚಿತ್ರವೆಂದರೆ, ಪೆನ್ಸಿಲ್ ಕರಡಿನಲ್ಲಿ ಅಷ್ಟಿಷ್ಟು ಜೀವವಿರುತ್ತದೆ, ಶಾಯಿ ಹಾಕಿದ ಕೂಡಲೇ ಅದೂ ಹೋಗುತ್ತದೆ. ನಾನು ಅಂಗರಚನೆಯನ್ನು ಇನ್ನಷ್ಟು ಅಭ್ಯಾಸ ಮಾಡಬೇಕೆ, ಅಥವಾ ಬೇರೇನನ್ನೋ ಬಿಟ್ಟುಬಿಡುತ್ತಿದ್ದೇನೆಯೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಬಾಗುಗೆರೆ ಉತ್ತರಿಸಿದ್ದು:

ನಿಮ್ಮ ಅಂಗರಚನೆಯಲ್ಲಿ ದೋಷವಿರುವಂತೆ ತೋರುವುದಿಲ್ಲ. ದೋಷವಿರುವುದು ನೀವು ಹೇಳಿದ ಕ್ರಮದಲ್ಲಿಯೇ. ತಲೆಯ ವೃತ್ತವನ್ನು ಮೊದಲು ಬರೆದು ಅದರ ಕೆಳಗೆ ಮೈಯನ್ನು ತೂಗುಹಾಕಿದರೆ ಮೈ ನೆಟ್ಟಗೆ ಇಳಿಯುವುದೇ ಸಹಜ, ಮತ್ತು ಒಮ್ಮೆ ಮೈ ನೆಟ್ಟಗಾದ ಮೇಲೆ ಕೈಕಾಲುಗಳನ್ನು ಎಷ್ಟೇ ಬೀಸಿದರೂ ಅವು ಹೊರಗಿನಿಂದ ಅಂಟಿಸಿದಂತೆ ಕಾಣುತ್ತವೆ. ಆನಿಮೇಷನ್ ಕಲಿಸುವವರು ಮೊದಲ ಪಾಠದಲ್ಲಿಯೇ ಹೇಳುವ ‘ಲೈನ್ ಆಫ್ ಆಕ್ಷನ್’ ಇದಕ್ಕೆ ಮದ್ದು. ಪಾತ್ರದ ಯಾವ ಅಂಗವನ್ನೂ ಬರೆಯುವ ಮೊದಲು, ಕಾಲಿನಿಂದ ಹಿಡಿದು ಬೆನ್ನುಹುರಿಯ ಮೂಲಕ ತಲೆಯವರೆಗೆ, ಅಗತ್ಯವಿದ್ದರೆ ಎತ್ತಿದ ಕೈಯ ತುದಿಯವರೆಗೆ, ಇಡೀ ಕ್ರಿಯೆಯನ್ನು ಒಂದೇ ಎಳೆತದಲ್ಲಿ ಹೇಳುವ ಗೆರೆಯೊಂದನ್ನು ಹಾಕಿಕೊಳ್ಳಬೇಕು. ಡಿಸ್ನಿ ಮತ್ತು ಎಂಜಿಎಂ ಸ್ಟುಡಿಯೋಗಳಲ್ಲಿ ದುಡಿದ ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ಪ್ರಕಟಿಸಿದ ಪಾಠಗಳಿಂದ ಈ ಕ್ರಮ ಸ್ಟುಡಿಯೋದ ಹೊರಗಿನ ಸಾಮಾನ್ಯ ಕಲಿಕೆಗಾರರಿಗೂ ತಲುಪಿತು.

ಇನ್ನು ನಿಮ್ಮ ಕಲ್ಲೆಸೆತಕ್ಕೆ ಬರೋಣ. ಆನಿಮೇಷನ್ ಮಾಡುವವನಿಗೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳಿರುತ್ತವೆ. ನಿಮಗಿರುವುದು ಒಂದೇ ಚಿತ್ರ. ಹಾಗಾಗಿ ಎಸೆತದ ಯಾವ ಕ್ಷಣವನ್ನು ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಅರ್ಧ ಗೆಲುವು ನಿಂತಿದೆ. ಕೈ ತಲೆಯ ಮೇಲೆ ನೇರವಾಗಿರುವ ನಡುಗಾಲದ ಕ್ಷಣ ಎಲ್ಲಕ್ಕಿಂತ ಸಪ್ಪೆಯಾದುದು, ಮತ್ತು ನೀವು ಆರಿಸಿಕೊಂಡಿರುವುದು ಅದನ್ನೇ ಎಂದು ನನ್ನ ಊಹೆ. ಕಲ್ಲು ಕೈಬಿಡುವ ಮೊದಲಿನ ತುದಿಯನ್ನೋ, ಬಿಟ್ಟ ನಂತರದ ತುದಿಯನ್ನೋ ಹಿಡಿಯಿರಿ. ಮೊದಲಿನದನ್ನು ಆರಿಸಿದರೆ, ಹುಡುಗ ಬಲಗೈಯವನಾಗಿದ್ದಲ್ಲಿ, ಅವನ ಭಾರವೆಲ್ಲ ಹಿಂದಿರುವ ಬಲಗಾಲಿನ ಮೇಲೆ ಕುಳಿತಿರಬೇಕು. ಎಡಗಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿರಲಿ, ಅಥವಾ ಕಾಲು ಪೂರ್ತಿ ಎದ್ದಿದ್ದರೂ ಸರಿ. ಹೊಟ್ಟೆ ಮರದ ಕಡೆಗೆ ಉಬ್ಬಿ, ಬೆನ್ನು ಹಿಂದಕ್ಕೆ ಬಾಗಿ, ಕಲ್ಲು ಹಿಡಿದ ಕೈ ಬೆನ್ನಿನಿಂದಲೂ ಆಚೆಗೆ ಹೋಗಿರಲಿ. ಎಡಗೈ ಕಾಯಿಯ ಕಡೆ ಗುರಿ ತೋರಿಸುತ್ತಿರುವುದರಿಂದ ಎಡ ಭುಜ ಮೇಲಿರುತ್ತದೆ, ಬಲ ಭುಜ ಕೆಳಗಿಳಿದಿರುತ್ತದೆ. ಭಾರ ಹೊತ್ತ ಬಲಗಾಲಿನ ಕಡೆಯ ಸೊಂಟ ಮಾತ್ರ ಮೇಲಕ್ಕೇರಿರುತ್ತದೆ. ಅಂದರೆ ಭುಜಗಳ ಗೆರೆ ಒಂದು ಕಡೆಗೆ ವಾಲಿದರೆ ಸೊಂಟದ ಗೆರೆ ಅದರ ವಿರುದ್ಧ ದಿಕ್ಕಿಗೆ ವಾಲುತ್ತದೆ. ಮೈಯ ಬಲಮಗ್ಗುಲು ಕುಗ್ಗಿ ಅಂಗಿ ಮಡಿಕೆ ಬೀಳುತ್ತದೆ, ಎಡಮಗ್ಗುಲು ಹಿಗ್ಗಿ ಅಂಗಿ ಬಿಗಿಯಾಗುತ್ತದೆ. ಈ ಕುಗ್ಗು–ಹಿಗ್ಗುಗಳನ್ನು ಬರೆದ ಕೂಡಲೇ ಕೈ ಇನ್ನೂ ಬೀಸದಿದ್ದರೂ ಕಲ್ಲು ಹಾರಲಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ಬೇಲೂರಿಗೆ ಹೋಗಿದ್ದರೆ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ನೀವು ನೋಡಿಯೇ ಇರುತ್ತೀರಿ. ಒಂದು ಕಾಲಿನ ಮೇಲೆ ಭಾರ, ಆ ಕಡೆಗೆ ಹೊರಚಾಚಿದ ಸೊಂಟ, ಎದುರು ದಿಕ್ಕಿಗೆ ವಾಲಿದ ಭುಜ: ತ್ರಿಭಂಗಿಯ ಲೆಕ್ಕಾಚಾರ ಇದೇ. ಅಷ್ಟೊಂದು ಆಭರಣಗಳ ಭಾರದ ನಡುವೆಯೂ ಆ ಶಿಲ್ಪಗಳು ಸ್ತಬ್ಧವಾಗಿ ಕಾಣದಿರುವುದಕ್ಕೆ ಅದೇ ಕಾರಣವೆಂದು ನನ್ನ ಅನಿಸಿಕೆ.

ತೆರೆಯ ಹಿಂದೆ ಉತ್ತರಿಸಿದ್ದು:

ಮೇಲಿನ ಉತ್ತರಕ್ಕೆ ನನ್ನದೊಂದು ಸೇರ್ಪಡೆ. ಭಂಗಿ ಎಷ್ಟೇ ಸರಿಯಾಗಿದ್ದರೂ ಅದನ್ನು ಯಾವ ದಿಕ್ಕಿನಿಂದ ನೋಡುತ್ತಿದ್ದೇವೆ ಎಂಬುದು ತಪ್ಪಾದರೆ ಎಲ್ಲವೂ ವ್ಯರ್ಥ. ನಿಮ್ಮ ಹುಡುಗನನ್ನು ಪೂರ್ತಿ ಕಪ್ಪು ಬಣ್ಣದಿಂದ ತುಂಬಿ, ಏನು ಮಾಡುತ್ತಿದ್ದಾನೆ ಎಂದು ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಕಲ್ಲು ಹಿಡಿದ ಕೈ ಎದೆಯ ಮುಂದೆ ಬಂದಿದ್ದರೆ ಅದು ಆ ಕಪ್ಪಿನೊಳಗೆ ಮುಳುಗಿಹೋಗುತ್ತದೆ, ಉಳಿಯುವುದು ಕಾಲಗಲಿಸಿ ನಿಂತ ಹುಡುಗ ಮಾತ್ರ. ಕೈ ಮತ್ತು ಮೈಯ ನಡುವೆ ಬಿಳಿಯ ಜಾಗ ಕಾಣುವಂತೆ ಅವನನ್ನು ಸ್ವಲ್ಪ ತಿರುಗಿಸಿ.

ನಮ್ಮ ತೊಗಲುಗೊಂಬೆಗಳಲ್ಲಿ ಮುಖ ಬಹುಪಾಲು ಪಕ್ಕನೋಟದಲ್ಲಿಯೇ ಇರುವುದನ್ನು ಗಮನಿಸಿ. ಆ ತೊಗಲು ಅರೆಪಾರದರ್ಶಕವಾಗಿರುವುದರಿಂದ ಬಣ್ಣಗಳೂ ತೆರೆಯ ಮೇಲೆ ಮೂಡುತ್ತವೆ ನಿಜ, ಆದರೆ ದೂರ ಕುಳಿತ ಪ್ರೇಕ್ಷಕನಿಗೆ ಪಾತ್ರ ಯಾವುದು, ಅದು ಏನು ಮಾಡುತ್ತಿದೆ ಎಂಬುದನ್ನು ಮೊದಲು ಹೇಳುವುದು ಹೊರಗೆರೆಯೇ. ಮೂಗು, ಗಡ್ಡ, ಕಿರೀಟ, ಆಯುಧ ಇವೆಲ್ಲ ಹೊರಗೆರೆಯಲ್ಲಿ ಕಾಣುವಂತೆಯೇ ಕತ್ತರಿಸಿರುತ್ತಾರೆ.

ಓಟದ ಬಗ್ಗೆ ಒಂದೆರಡು ಮಾತು. ನಡಿಗೆಯಲ್ಲಿ ಒಂದು ಕಾಲಾದರೂ ಸದಾ ನೆಲದ ಮೇಲಿರುತ್ತದೆ. ಓಟದಲ್ಲಿ ಎರಡೂ ಕಾಲು ನೆಲ ಬಿಟ್ಟ ಕ್ಷಣವೊಂದು ಪ್ರತಿ ಹೆಜ್ಜೆಯಲ್ಲೂ ಬರುತ್ತದೆ. ಆ ಕ್ಷಣವನ್ನೇ ಬರೆಯಿರಿ, ಮತ್ತು ಅವನ ನೆರಳನ್ನು ಪಾದಕ್ಕೆ ಅಂಟಿಸದೆ ಕೆಳಗೆ ನೆಲದ ಮೇಲೆ ಪ್ರತ್ಯೇಕವಾಗಿ ಹಾಕಿ. ಪಾದ ಮತ್ತು ನೆರಳಿನ ನಡುವಿನ ಅಂತರ ನಿಮ್ಮ ವೇಗದ ಗೆರೆಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಎರಡು ಕೈಗಳೂ ಒಂದೇ ಎತ್ತರದಲ್ಲಿ, ಒಂದೇ ರೀತಿ ಮಡಚಿಕೊಂಡು ಇರದಂತೆಯೂ ನೋಡಿಕೊಳ್ಳಿ.

ಲಂಬಸೂತ್ರ ಉತ್ತರಿಸಿದ್ದು:

ನನಗೆ ಮೊದಲ ಉತ್ತರದ ಬಗ್ಗೆ ಸಣ್ಣ ತಕರಾರಿದೆ. ಬಾಗಿದ ಗೆರೆಯನ್ನು ಮೊದಲು ಹಾಕಿಕೊಳ್ಳಿ ಎಂಬ ಸಲಹೆ ಸರಿಯೇ ಆದರೂ, ಅದನ್ನೇ ಮಂತ್ರವಾಗಿ ಹಿಡಿದವರ ಪುಸ್ತಕಗಳಲ್ಲಿ ಅಜ್ಜಿ ಕಾಫಿ ಲೋಟ ಎತ್ತುವಾಗಲೂ ಈಟಿ ಎಸೆಯುವವಳ ಹಾಗೆ ಬಾಗಿರುವುದನ್ನು ನೋಡಿ ನೋಡಿ ಸಾಕಾಗಿದೆ. ಚಿತ್ರದಲ್ಲಿ ಚಲನೆ ಕಾಣುವುದು ಬಾಗುವಿಕೆಯಿಂದಲ್ಲ, ಭಾರದಿಂದ. ಪಾತ್ರದ ಹೊಕ್ಕುಳಿನ ಆಸುಪಾಸಿನಿಂದ ನೆಲಕ್ಕೆ ನೇರವಾಗಿ ಗೆರೆ ಇಳಿಸಿ ನೋಡಿ. ಅದು ಎರಡು ಪಾದಗಳ ನಡುವೆ ಬಿದ್ದರೆ ಪಾತ್ರ ನಿಂತಿದೆ ಎಂದರ್ಥ. ನೀವು ಹೇಳಿದ ‘ಫೋಟೋ’ ಪರಿಣಾಮ ಹುಟ್ಟುವುದು ಅಲ್ಲಿಂದಲೇ. ಓಡಲು ಹೊರಟವನಲ್ಲಿ ಆ ಗೆರೆ ನೆಲಕ್ಕೆ ಒತ್ತಿದ ಪಾದದ ಮುಂದೆ ಬೀಳಬೇಕು. ಮುಂದಿನ ಹೆಜ್ಜೆ ಇಡದಿದ್ದರೆ ಮುಗ್ಗರಿಸುತ್ತಾನೆ ಎಂಬಷ್ಟು ಮುಂದೆ. ಬಾಗುಗೆರೆಯವರು ವಿವರಿಸಿದ ಕಲ್ಲೆಸೆತದ ಭಂಗಿ ಚೆನ್ನಾಗಿರುವುದಕ್ಕೆ ಕಾರಣ ಬೆನ್ನಿನ ಬಾಗು ಅಲ್ಲ, ಭಾರ ಪೂರ್ತಿ ಹಿಂದಿನ ಕಾಲಿಗೆ ಹೋಗಿರುವುದು ಎಂದು ನಾನು ವಾದಿಸುತ್ತೇನೆ.

ಇನ್ನೊಂದು ಮಾತು. ಎಲ್ಲ ಪಾತ್ರಗಳೂ ಚುರುಕಾಗಿರಬೇಕಿಲ್ಲ. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ 1951ರಿಂದ ದಶಕಗಳ ಕಾಲ ಬರೆದ ಶ್ರೀಸಾಮಾನ್ಯನನ್ನೇ ತೆಗೆದುಕೊಳ್ಳಿ; ಚೌಕುಳಿ ಕೋಟು, ಪಂಚೆ ತೊಟ್ಟು ಚಿತ್ರದ ಒಂದು ಬದಿಗೆ ಮಾತಿಲ್ಲದೆ ನಿಂತಿರುತ್ತಾನೆ. ಅವನು ಹಾಗೆ ಕದಲದೆ ನಿಂತಿರುವುದರಿಂದಲೇ ಸುತ್ತಲಿನ ರಾಜಕಾರಣಿಗಳ ಕೈಬೀಸು, ಹೊಟ್ಟೆಯ ಉಬ್ಬು ಎಲ್ಲವೂ ಎರಡರಷ್ಟು ಜೋರಾಗಿ ಕಾಣುತ್ತವೆ. ನಿಮ್ಮ ಎರಡನೆಯ ಪುಟದಲ್ಲಿ ಯಜಮಾನನೂ ಇದ್ದಾನಲ್ಲವೆ? ಅವನನ್ನೂ ಓಡಿಸಬೇಕೆ ಎಂದು ಒಮ್ಮೆ ಯೋಚಿಸಿ.

ಗೀಚುಪುಸ್ತಕ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಭಾರದ ಗೆರೆಯನ್ನು ಇಳಿಸಿ ನೋಡಿದೆ; ಓಟದ ಚಿತ್ರದಲ್ಲಿ ಅದು ಎರಡು ಪಾದಗಳ ನಡುವೆಯೇ ಬಿದ್ದಿದೆ. ಆದರೆ ಕಲ್ಲೆಸೆತದಲ್ಲಿ ಹೊಸ ಸಮಸ್ಯೆ ಎದುರಾಗಿದೆ. ನನ್ನ ಪಾತ್ರಕ್ಕೆ ಕುತ್ತಿಗೆಯೇ ಇಲ್ಲ, ತೋಳು ಎಷ್ಟು ಗಿಡ್ಡವೆಂದರೆ ಎತ್ತಿದ ಕೈ ನೆತ್ತಿಯನ್ನೂ ಮುಟ್ಟುವುದಿಲ್ಲ. ಭುಜ, ಸೊಂಟಗಳ ವಿರುದ್ಧ ವಾಲಿಕೆಯನ್ನು ಇಷ್ಟು ಪುಟ್ಟ ಮೈಯಲ್ಲಿ ತೋರಿಸಲು ಸಾಧ್ಯವೆ?

ಬಾಗುಗೆರೆ ಉತ್ತರಿಸಿದ್ದು:

ಸಾಧ್ಯ, ಆದರೆ ಪೆಟ್ಟಿಗೆಯಾಕಾರದ ಮೈಯಲ್ಲಿ ಸಾಧ್ಯವಿಲ್ಲ. ಇದಕ್ಕೆ ಮಿಕ್ಕಿ ಮೌಸ್‌ನ ಮೈ ಬದಲಾದ ರೀತಿಯೇ ಒಳ್ಳೆಯ ಉದಾಹರಣೆ. 1928ರ ಮಿಕ್ಕಿಗೆ ದುಂಡನೆಯ ಮೈ, ಮೂಳೆಯಿಲ್ಲದ ರಬ್ಬರ್ ಕೊಳವೆಯಂಥ ಕೈಕಾಲುಗಳಿದ್ದವು; ದುಂಡನೆಯ ಮೈ ಯಾವ ಕಡೆ ವಾಲಿದರೂ ದುಂಡಗೇ ಇರುವುದರಿಂದ ಅದರ ವಾಲಿಕೆ ಕಾಣುವುದೇ ಇಲ್ಲ. 1930ರ ದಶಕದ ಕೊನೆಯ ಭಾಗದಲ್ಲಿ ಫ್ರೆಡ್ ಮೂರ್ ಎಂಬ ಆನಿಮೇಟರ್ ಆ ಮೈಯನ್ನು ಮರಸೇಬಿನ (ಪೇರ್ ಹಣ್ಣಿನ) ಆಕಾರಕ್ಕೆ ತಂದ ಮೇಲೆ ಮಿಕ್ಕಿ ಬಾಗಬಲ್ಲವನಾದ, ಕುಗ್ಗಿ ಹಿಗ್ಗಬಲ್ಲವನಾದ. ನೀವೂ ಪೆಟ್ಟಿಗೆಯನ್ನು ಬಿಟ್ಟು ಅವರೆಕಾಳಿನ ಆಕಾರವೊಂದನ್ನು ಬರೆದು, ಅದರ ಒಂದು ಮಗ್ಗುಲನ್ನು ಹಿಸುಕಿ, ಇನ್ನೊಂದನ್ನು ಎಳೆದು ನೋಡಿ. ಹಿಗ್ಗಿಸಿದಾಗ ಅಗಲ ಕಡಿಮೆಯಾಗಬೇಕು, ಕುಗ್ಗಿಸಿದಾಗ ಹೆಚ್ಚಬೇಕು, ಇಲ್ಲದಿದ್ದರೆ ಪಾತ್ರವೇ ದೊಡ್ಡದಾಯಿತೇನೋ ಎನಿಸುತ್ತದೆ. ಡಿಸ್ನಿ ಸ್ಟುಡಿಯೋದಲ್ಲಿ ಹೊಸಬರಿಗೆ ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ಸಿಟ್ಟು, ನಾಚಿಕೆ, ಉತ್ಸಾಹಗಳಲ್ಲಿ ಬರೆಯಲು ಹೇಳುತ್ತಿದ್ದದ್ದು ಈ ಕಾರಣಕ್ಕಾಗಿಯೇ. ಮುಖವೂ ಇಲ್ಲ, ಕೈಯೂ ಇಲ್ಲ. ಏನಿದ್ದರೂ ಮೈಯೇ ಹೇಳಬೇಕು. ಅಂದಹಾಗೆ, ನಾನು ಹೆಸರಿಸಿದ ಬ್ಲೇರ್ ಅವರೇ 1940ರ ‘ಫ್ಯಾಂಟೇಸಿಯಾ’ ಚಿತ್ರದಲ್ಲಿ ಬ್ಯಾಲೆ ಕುಣಿಯುವ ನೀರಾನೆಗಳಿಗೆ ಚಲನೆ ಕೊಟ್ಟವರಲ್ಲೊಬ್ಬರು. ಕುತ್ತಿಗೆಯಿಲ್ಲದ, ಗಿಡ್ಡ ಕಾಲಿನ ಪಾತ್ರಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ತೋಳಿನ ವಿಷಯದಲ್ಲಿ ಸಂಕೋಚ ಬೇಡ, ಆ ಒಂದು ಚಿತ್ರದಲ್ಲಿ ಅದನ್ನು ಉದ್ದ ಮಾಡಿ. ಕಲ್ಲು ಹಿಡಿದ ತೋಳು ಅಳತೆಗಿಂತ ಅರ್ಧದಷ್ಟು ಹೆಚ್ಚು ಉದ್ದವಿದ್ದರೂ ಯಾವ ಮಗುವೂ ಸ್ಕೇಲ್ ಹಿಡಿದು ಅಳೆಯುವುದಿಲ್ಲ. ಇನ್ನು ತಲೆಯೇ ಎತ್ತರದ ಮೂರನೆಯ ಒಂದು ಭಾಗವಾಗಿರುವಾಗ ತಲೆಯ ವಾಲಿಕೆಗೆ ಮೈಯ ವಾಲಿಕೆಗಿಂತ ಹೆಚ್ಚು ಬಲವಿರುತ್ತದೆ. ಮುಖದ ನಡುಗೆರೆಯನ್ನು ನೇರವಾಗಿ ಇಳಿಸುವ ಬದಲು ಬೆನ್ನಿನ ಬಾಗಿನ ಮುಂದುವರಿಕೆಯಾಗಿ ಓರೆಯಾಗಿ ಹಾಕಿ, ಕಣ್ಣುಗಳನ್ನು ಆ ಓರೆಗೆ ತಕ್ಕಂತೆ ಕೂರಿಸಿ.

ಶಾಯಿಕಡ್ಡಿ ಉತ್ತರಿಸಿದ್ದು:

ಶಾಯಿಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕರಡಿನಲ್ಲಿ ಒಂದೇ ಅಂಚಿಗೆ ನಾಲ್ಕಾರು ಗೆರೆಗಳಿರುತ್ತವೆ, ನೋಡುವವರ ಕಣ್ಣು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಶಾಯಿ ಹಾಕುವಾಗ ನಾವು ಹೆದರಿ, ಅವುಗಳಲ್ಲಿ ನಡುವಿನ ಗೆರೆಯನ್ನು ಹಿಡಿದು, ಬೆರಳುಗಳಿಂದ ನಿಧಾನವಾಗಿ ತಿದ್ದುತ್ತಾ ಹೋಗುತ್ತೇವೆ. ಆಗ ಬಾಗುಗಳೆಲ್ಲ ಸ್ವಲ್ಪ ಸ್ವಲ್ಪವೇ ನೆಟ್ಟಗಾಗಿ, ಭಂಗಿ ಮತ್ತೆ ಮೊದಲಿನ ಪೆಟ್ಟಿಗೆಗೆ ಮರಳುತ್ತದೆ. ಆದ್ದರಿಂದ ಕರಡನ್ನು ತಿದ್ದಬೇಡಿ. ಅದರ ಮೇಲೆ ತೆಳು ಹಾಳೆಯಿಟ್ಟು, ಅತ್ಯಂತ ಹೊರಗಿನ ಬಾಗನ್ನು ಆರಿಸಿಕೊಂಡು, ಹೊಸದಾಗಿ ಬರೆಯಿರಿ. ಉದ್ದ ಗೆರೆಗಳನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ ಒಂದೇ ಎಳೆತಕ್ಕೆ ಎಳೆಯಬೇಕು. ಕೈಗೆ ಅನುಕೂಲವಾಗುವಂತೆ ಹಾಳೆಯನ್ನೇ ತಿರುಗಿಸಿಕೊಳ್ಳಿ. ಹುಡುಗನ ಹಿಗ್ಗಿದ ಎಡಮಗ್ಗುಲನ್ನು ಒಂದೇ ಉದ್ದನೆಯ ಗೆರೆಯಲ್ಲಿ ಮುಗಿಸಿ, ಕುಗ್ಗಿದ ಬಲಮಗ್ಗುಲಿಗೆ ಚಿಕ್ಕ, ಮುರಿದ ಗೆರೆಗಳನ್ನು ಇಡಿ. ಎರಡೂ ಕಡೆ ಒಂದೇ ಬಗೆಯ ಗೆರೆಯಿದ್ದರೆ ಮೈ ಊದಿದಂತೆ ಕಾಣುತ್ತದೆ. ಭಾರ ಬಿದ್ದ ಪಾದದ ಅಡಿಯಲ್ಲಿ ಗೆರೆ ದಪ್ಪವಾಗಿರಲಿ, ಎತ್ತಿದ ಕಾಲಿನಲ್ಲಿ ತೆಳುವಾಗಲಿ. ಇನ್ನು ಓಟದಲ್ಲಿ ಅಂಗಿಯ ಚುಂಗು, ಕೂದಲು, ಚಡ್ಡಿಯ ಲಾಡಿ ಇವೆಲ್ಲ ಮೈಗಿಂತ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತವೆ ಎಂಬುದನ್ನು ನೆನಪಿಡಿ. ಇವು ಹಿಂದಕ್ಕೆ ಹಾರುತ್ತಿದ್ದರೆ ವೇಗದ ಗೆರೆಗಳನ್ನು ಅಳಿಸಿಹಾಕಬಹುದು.

ಗೀಚುಪುಸ್ತಕ ಬರೆದದ್ದು:

ಅಳಿಸಿದ್ದೇನೆ. ಯಜಮಾನನನ್ನು ಗೇಟಿನ ಬಳಿ ನಿಲ್ಲಿಸಬೇಕೆಂದಿದ್ದೇನೆ, ಆದರೆ ಪೂರ್ತಿ ಸುಮ್ಮನೆ ನಿಂತರೆ ಹುಡುಗ ಯಾಕೆ ಓಡುತ್ತಿದ್ದಾನೆ ಎಂಬುದೇ ತಿಳಿಯದು ಎಂಬ ಅಳುಕಿದೆ.

ಲಂಬಸೂತ್ರ ಉತ್ತರಿಸಿದ್ದು:

ಭಾರ ಎರಡೂ ಕಾಲಿನ ಮೇಲೆ ಸಮವಾಗಿರಲಿ, ಬೆನ್ನು ನೆಟ್ಟಗಿರಲಿ, ಹೆಗಲ ಮೇಲಿನ ಟವೆಲಿಗೆ ಆಗಲೇ ಒಂದು ಕೈ ಹೋಗಿರಲಿ. ಮೊಣಕೈ ಮೈಯಿಂದ ಆಚೆಗೆ ಚಾಚಿದ್ದರೆ ಕಪ್ಪು ತುಂಬಿದಾಗಲೂ ಅದು ಕಾಣುತ್ತದೆ. ಹುಡುಗನ ಕಣ್ಣು ಹಿಂದಿರುಗಿ ನೋಡುತ್ತಿರಬೇಕಾದದ್ದು ಯಜಮಾನನ ಮುಖವನ್ನಲ್ಲ, ಆ ಕೈಯನ್ನು.