ಕವಲುಕಡ್ಡಿ ವಿಡಿಯೋ

ಚಿಕ್ಕಪ್ಪ: [ವಿಡಿಯೋ – ಹಲವು ಬಾರಿ ಫಾರ್ವರ್ಡ್ ಆಗಿದೆ] ಕವಲುಕಡ್ಡಿ ಹಿಡ್ಕೊಂಡು ನೆಲದಡಿ ನೀರು ಎಲ್ಲಿದೆ ಅಂತ ಹೇಳ್ತಾರೆ ಇವ್ರು. ಹೊಸ ಮನೆ ಜಾಗದಲ್ಲಿ ಬೋರ್ ಪಾಯಿಂಟ್ ತೋರ್ಸೋಕೆ ಇವ್ರನ್ನೇ ಕರ್ಸೋಣ, ಕಡ್ಡಿ ಹೆಂಗ್ ತಿರುಗ್ತಿದೆ ನೋಡ್ರೋ

ನಾನು: ತಿರುಗ್ತಿರೋದು ಕಡ್ಡಿ ಅಲ್ಲ ಚಿಕ್ಕಪ್ಪ, ಕೈ

ಚಿಕ್ಕಪ್ಪ: ಶುರುವಾಯ್ತು ಇವಂದು. ಕೊರೆದ ಮೇಲೆ ನೀರು ಚಿಮ್ಮಿದೆ, ಪೂರ್ತಿ ನೋಡಿ ಮಾತಾಡು

ನಾನು: ನೋಡ್ದೆ. ಫೇಲ್ ಆದ ಬೋರಿನ ವಿಡಿಯೋ ಯಾರಾದ್ರೂ ಕಳ್ಸಿದಾರಾ? ಜರ್ಮನಿಲಿ 1987-88ರಲ್ಲಿ ಕಡ್ಡಿ ಹಿಡಿಯೋರನ್ನೇ ಆರಿಸಿ ಕೊಟ್ಟಿಗೆಯ ಅಟ್ಟದ ಮೇಲೆ ನಿಲ್ಸಿ, ಕೆಳಗೆ ನೀರಿನ ಪೈಪನ್ನ ಜಾಗ ಬದ್ಲಾಯಿಸ್ತಾ ಎಲ್ಲಿದೆ ಹೇಳಿ ಅಂದಿದ್ರು, 43 ಜನ, 843 ಸಲ. ಪರೀಕ್ಷೆ ಮಾಡ್ದೋರು ಕೆಲವ್ರಿಗೆ ಆ ಶಕ್ತಿ ಇದೆ ಅಂದ್ರು, ಆಮೇಲೆ ಅದೇ ಅಂಕಿ ಇಟ್ಕೊಂಡು ಬೇರೆಯವ್ರು ಲೆಕ್ಕ ಹಾಕಿದ್ರೆ ಬರೀ ಅಂದಾಜಿಗಿಂತ ಮೇಲೇನಿಲ್ಲ

ಚಿಕ್ಕಪ್ಪ: ಮಷೀನ್ ಇಟ್ಟು ಪಾಯಿಂಟ್ ತೋರ್ಸಿದ್ದೂ ಫೇಲ್ ಆಗಿದೆ, ಅದಕ್ಕೇನ್ ಹೇಳ್ತೀಯ

ನಾನು: ಆಗುತ್ತೆ, ಒಪ್ದೆ

ಭಾವ: ಗಟ್ಟಿ ಬಂಡೆ ಇರೋ ಕಡೆ ನೀರು ಬಿರುಕಲ್ಲಿ ಮಾತ್ರ ಇರೋದು, ಹತ್ತಡಿ ಆಚೆ ಕೊರೆದ್ರೆ ಬರೀ ಧೂಳು. ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ

ಅಕ್ಕ: ಪಾಯಿಂಟ್ ಯಾರು ತೋರ್ಸಿದ್ರು ಅಂತ ಬೇಸಿಗೆಲಿ ಯಾರೂ ಕೇಳಲ್ಲ ಬಿಡಿ. ನಮ್ಮ ಬೋರಲ್ಲಿ ಕೊರೆದ ದಿನ ಚಿಮ್ಮಿದ್ದೇ ಚಿಮ್ಮಿದ್ದು, ಅದನ್ನೇ ನಂಬ್ಕೊಂಡು ದೊಡ್ಡ ಮೋಟರ್ ಇಳಿಸಿದ್ವಿ, ನೀರಿನ ಮಟ್ಟ ಕೆಳಗೆ ಹೋಗಿ ಡ್ರೈ ರನ್ ಆಗಿ ಎರಡು ಸಲ ಸುಟ್ಟೋಯ್ತು. ಬೇಸಿಗೆ ಕೊನೇಲಿ ಗಂಟೆಗಟ್ಲೆ ಓಡಿಸಿ ಮಟ್ಟ ಎಷ್ಟು ಇಳಿಯುತ್ತೆ, ನಿಲ್ಸಿದ್ಮೇಲೆ ಎಷ್ಟೊತ್ತಿಗೆ ಮೇಲೆ ಬರುತ್ತೆ ನೋಡ್ಬೇಕಿತ್ತು. ಆಮೇಲೆ ಅಳೆದ್ರೆ ನಿಮಿಷಕ್ಕೆ ಬರೀ 2 ಲೀಟರ್

ಚಿಕ್ಕಪ್ಪ: ಅದು ಫೇಲಾದ ಬೋರೇ ಅಲ್ವೇನಮ್ಮ

ಅಕ್ಕ: ದಿನಕ್ಕೆ 2880 ಲೀಟರ್ ಆಯ್ತಲ್ಲ ಚಿಕ್ಕಪ್ಪ! ನಾಲ್ಕು ಜನಕ್ಕೆ ತಲೆಗೆ 100 ಲೀಟರ್ ಹಿಡಿದ್ರೂ 400. ಸಣ್ಣ ಮೋಟರ್ ಹಾಕಿ ಟೈಮರ್ ಇಟ್ವಿ, ಸ್ವಲ್ಪ ಓಡುತ್ತೆ ನಿಲ್ಲುತ್ತೆ, ದೊಡ್ಡ ಟ್ಯಾಂಕು ತಾನಾಗೇ ತುಂಬುತ್ತೆ. ಕರೆಂಟ್ ಹೋದ್ರೂ ನಲ್ಲಿ ನಿಲ್ಲಲ್ಲ

ನಾನು: ಟ್ಯಾಂಕು ಮನೆಗಿಂತ 10 ಮೀಟರ್ ಎತ್ತರದಲ್ಲಿದ್ರೆ ಸುಮಾರು 1 ಬಾರ್ ಒತ್ತಡ ಸುಮ್ನೆ ಸಿಗುತ್ತೆ. ಇದ್ರ ಜೊತೆಗೆ ಛಾವಣಿ ಮಳೆ ನೀರೂ ಇದೆ, 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 1 ಲೀಟರ್. ನೂರು ಚದರ ಮೀಟರ್ ಛಾವಣಿಗೆ 20 ಮಿಲಿಮೀಟರ್ ಹೊಡೆದ್ರೆ 2000, ಮೊದಲ ಕೊಳೆ ನೀರು ಬಿಟ್ರೂ 1600 ಉಳಿಯುತ್ತೆ

ಭಾವ: ಕುಡಿಯೋಕೆ ಮುಂಚೆ ಲ್ಯಾಬಿಗೆ ಕೊಡಿ, ಕುದಿಸಿದ್ರೆ ಕ್ರಿಮಿ ಸಾಯುತ್ತೆ ಫ್ಲೋರೈಡ್ ಎಲ್ಲೂ ಹೋಗಲ್ಲ. ಶೌಚದ ಗುಂಡಿ ಎಲ್ಲಿ ಬರುತ್ತೆ ಅಂತ ಬೋರ್ ಪಾಯಿಂಟ್‌ಗಿಂತ ಮೊದ್ಲೇ ಗುರುತು ಹಾಕಿ

ನಾನು: ಛಾವಣಿ ಅಳತೆ ಯಾರ ಹತ್ರ ಇದೆ?

ಚಿಕ್ಕಪ್ಪ: ನನ್ ಹತ್ರ ಇದೆ, ರಾತ್ರಿ ಹಾಕ್ತೀನಿ. ವಿಡಿಯೋ ಮಾತ್ರ ಡಿಲೀಟ್ ಮಾಡಲ್ಲ