14 ದಿನದಲ್ಲಿ ಏಳು ದೇಶ: ಪ್ರಾಗ್‌ನಿಂದ ವೆನಿಸ್‌ವರೆಗೆ ಹೋಗಿಬರಲು ಆಗುತ್ತಾ?

ಸೆಪ್ಟೆಂಬರ್‌ಪಯಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ಹೆಂಡತಿ ಮತ್ತು ಅಮ್ಮ ಮಧ್ಯ ಯುರೋಪ್ ನೋಡಲು ಹೊರಟಿದ್ದೇವೆ. ಮೂವರಿಗೂ ಮೊದಲ ಸಲ. ಅಮ್ಮನಿಗೆ 67 ವರ್ಷ. ಸಮತಟ್ಟಾದ ಜಾಗದಲ್ಲಿ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಬಂದರೆ ಮಂಡಿ ನೋಯುತ್ತದೆ.

ಮ್ಯಾಪ್‌ನಲ್ಲಿ ನೋಡಿದರೆ ಈ ದೇಶಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ, ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಆದಷ್ಟೂ ನೋಡಿಕೊಂಡು ಬರೋಣ ಅಂತ ಹೀಗೆ ಹಾಕಿದ್ದೇನೆ: ಪ್ರಾಗ್ (ಚೆಕ್) 2 ರಾತ್ರಿ, ಸಾಲ್ಜ್‌ಬರ್ಗ್ 1, ವಿಯೆನ್ನಾ 2 (ಎರಡೂ ಆಸ್ಟ್ರಿಯಾ), ಬ್ರಾಟಿಸ್ಲಾವಾ (ಸ್ಲೊವಾಕಿಯಾ) 1, ಬುಡಾಪೆಸ್ಟ್ (ಹಂಗೇರಿ) 2, ಜಾಗ್ರೆಬ್ (ಕ್ರೊಯೇಷಿಯಾ) 1, ಲ್ಯುಬ್ಲ್ಯಾನಾ (ಸ್ಲೊವೇನಿಯಾ) 2, ವೆನಿಸ್ (ಇಟಲಿ) 2. ಕೊನೆಗೆ ವೆನಿಸ್‌ನಿಂದ ಮತ್ತೆ ಪ್ರಾಗ್‌ಗೆ ಬಂದು ವಿಮಾನ ಹತ್ತುವುದು. ಹೋಗುವ ಟಿಕೆಟ್, ಬರುವ ಟಿಕೆಟ್ ಎರಡೂ ಒಂದೇ ಊರಿಗೆ ಇದ್ದರೆ ಸಲೀಸು ಅನ್ನಿಸಿತು. ಇನ್ನೂ ಏನೂ ಬುಕ್ ಮಾಡಿಲ್ಲ.

ಇದು ಜಾಸ್ತಿ ಆಯ್ತಾ? ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕಾ, ರೈಲೇ ಸಾಕಾ? ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಅಂತಾರಲ್ಲ, ಆ ಷೆಂಗೆನ್ ವೀಸಾಗೆ ಇಷ್ಟು ದೇಶಗಳಲ್ಲಿ ಯಾವ ದೇಶದ ಬಳಿ ಅರ್ಜಿ ಹಾಕಬೇಕು? ದುಡ್ಡಿನ ವಿಷಯದಲ್ಲಿ ಏನಾದರೂ ತಿಳಿದಿರಬೇಕಾ?

ರೈಲುಕಿಟಕಿ:

ಜಾಸ್ತಿ ಆಯ್ತು. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ರಾತ್ರಿಗಳನ್ನು ಎಣಿಸಿದ್ದೀರಿ, ಊರು ಬದಲಾಯಿಸುವ ದಿನಗಳನ್ನು ಎಣಿಸಿಲ್ಲ. ನಿಮ್ಮ ಪಟ್ಟಿಯಲ್ಲಿ ಎಂಟು ಸಲ ಊರು ಬದಲಾಗುತ್ತದೆ. ರೈಲು ಎರಡೂವರೆ ಗಂಟೆ ಅಂತ ಟೈಮ್‌ಟೇಬಲ್‌ನಲ್ಲಿ ಇದ್ದರೂ ಬೆಳಿಗ್ಗೆ ಬಟ್ಟೆ ಜೋಡಿಸಿ, ಹೋಟೆಲ್ ಬಿಟ್ಟು, ನಿಲ್ದಾಣಕ್ಕೆ ಹೋಗಿ, ಇಳಿದು, ಹೊಸ ಊರಿನ ಟ್ರಾಮ್ ಹೇಗೆ ಅಂತ ತಿಳಿದುಕೊಂಡು, ರೂಮು ಕೊಡುವ ಹೊತ್ತಿಗೆ ಕಾದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅಂದರೆ ಪ್ರತಿ ಸಲ ಅರ್ಧ ದಿನ ಹೋಯಿತು. ಎಂಟು ಅರ್ಧ ದಿನ ಅಂದರೆ ನಾಲ್ಕು ದಿನ. ಬುಡಾಪೆಸ್ಟ್‌ನಿಂದ ಜಾಗ್ರೆಬ್‌ಗೆ ರೈಲಿನಲ್ಲೇ ಆರು ಗಂಟೆಗೂ ಮೇಲೆ ಬೇಕು, ಅಲ್ಲಿ ನೀವು ಇರುವುದು ಒಂದೇ ರಾತ್ರಿ. ವೆನಿಸ್‌ನಿಂದ ಪ್ರಾಗ್‌ಗೆ ವಾಪಸ್ ಬರುವುದಂತೂ ಒಂದು ಇಡೀ ದಿನ ಸುಮ್ನೆ ಕಳೆದಂತೆ.

ನಾನು ಹೇಳುವುದು ಇಷ್ಟು. ಒಂದು ರೈಲು ದಾರಿ ಹಿಡಿಯಿರಿ, ಒಂದು ತುದಿಯಲ್ಲಿ ಇಳಿಯಿರಿ, ಇನ್ನೊಂದು ತುದಿಯಿಂದ ವಿಮಾನ ಹತ್ತಿ. ಪ್ರಾಗ್, ಬ್ರನೋ, ವಿಯೆನ್ನಾ, ಬುಡಾಪೆಸ್ಟ್ ಒಂದೇ ಸಾಲಿನಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ಸುಮಾರು ನಾಲ್ಕು ಗಂಟೆ, ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಎರಡು ಮುಕ್ಕಾಲು ಗಂಟೆಯೊಳಗೆ. ಎರಡಕ್ಕೂ ನೇರ ರೈಲಿದೆ, ಎಲ್ಲೂ ಬದಲಿಸಬೇಕಿಲ್ಲ. ಪ್ರಾಗ್‌ಗೆ ಹೋಗಿ ಬುಡಾಪೆಸ್ಟ್‌ನಿಂದ ಬರುವ ಟಿಕೆಟ್ ಹುಡುಕುವಾಗ ವಿಮಾನದ ಸೈಟ್‌ನಲ್ಲಿ ‘ಮಲ್ಟಿ ಸಿಟಿ’ ಅನ್ನುವುದನ್ನು ಒತ್ತಿ. ಎರಡು ಒಂದುಕಡೆ ಟಿಕೆಟ್ ಬೇರೆ ಬೇರೆ ತೆಗೆದರೆ ಎಷ್ಟೋ ಸಲ ದುಬಾರಿಯಾಗುತ್ತದೆ.

ಬ್ರಾಟಿಸ್ಲಾವಾ ಬಿಡಬೇಡಿ, ಆದರೆ ಅಲ್ಲಿ ರಾತ್ರಿ ಉಳಿಯುವುದು ಬೇಡ. ವಿಯೆನ್ನಾದಿಂದ ಬರೀ 60 ಕಿಲೋಮೀಟರ್ ಸುಮಾರು. ರೈಲಿನಲ್ಲಿ ಒಂದು ಗಂಟೆ, ಡ್ಯಾನ್ಯೂಬ್ ನದಿಯಲ್ಲಿ ದೋಣಿಯೂ ಇದೆ. ಸೂಟ್‌ಕೇಸ್ ವಿಯೆನ್ನಾದ ರೂಮಿನಲ್ಲೇ ಇರಲಿ, ಕೈಬೀಸಿಕೊಂಡು ಹೋಗಿ ಸಂಜೆ ಬನ್ನಿ.

ಅಮ್ಮನ ಮಂಡಿ ಬಗ್ಗೆ: ವಿಯೆನ್ನಾ ಮೆಟ್ರೋದ ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇದೆ. ಪ್ರಾಗ್ ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಿಸಬೇಡಿ, 22ನೇ ನಂಬರ್ ಟ್ರಾಮ್ ಹಿಡಿದು ಕೋಟೆಯ ಸ್ಟಾಪ್‌ನಲ್ಲಿ ಇಳಿದರೆ ಅಲ್ಲಿಂದ ಹೆಚ್ಚುಕಡಿಮೆ ಸಮತಟ್ಟು. ಬುಡಾಪೆಸ್ಟ್‌ನಲ್ಲಿ 2ನೇ ನಂಬರ್ ಟ್ರಾಮ್ ನದಿಯ ದಡದಲ್ಲೇ ಓಡುತ್ತದೆ, ಪಾರ್ಲಿಮೆಂಟ್ ಕಟ್ಟಡದ ಪಕ್ಕದಲ್ಲೇ ಹೋಗುತ್ತದೆ. ಸಂಜೆ ದೀಪ ಹತ್ತುವ ಹೊತ್ತಿಗೆ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಒಂದು ಸುತ್ತು ಹೋಗಿಬನ್ನಿ. ನಾನು ನಮ್ಮ ತಂದೆಯನ್ನು ಹಾಗೆ ಕರೆದುಕೊಂಡು ಹೋಗಿದ್ದೆ, ಇಡೀ ಪ್ರವಾಸದಲ್ಲಿ ಅವರು ಇವತ್ತಿಗೂ ನೆನೆಸಿಕೊಳ್ಳುವುದು ಅದನ್ನೇ.

ಇನ್ನೊಂದು ಮಾತು. ಬುಡಾಪೆಸ್ಟ್‌ನಲ್ಲಿ ಕೆಲೆಟಿ, ನ್ಯುಗಟಿ, ಡೇಲಿ ಅಂತ ಮೂರು ದೊಡ್ಡ ನಿಲ್ದಾಣಗಳಿವೆ. ಟಿಕೆಟ್‌ನಲ್ಲಿ ಯಾವ ಹೆಸರಿದೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ನಾವು ತಪ್ಪು ನಿಲ್ದಾಣಕ್ಕೆ ಹೋಗಿ ರೈಲು ತಪ್ಪಿಸಿಕೊಂಡೆವು.

ಗಡಿದಾಟು:

ವೀಸಾ ಬಗ್ಗೆ ನಾನು ಹೇಳುತ್ತೇನೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅದೇ ದೇಶದ ಬಳಿ ಅರ್ಜಿ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶ. ನಿಮ್ಮ ಈಗಿನ ಪಟ್ಟಿಯಲ್ಲಿ ಸಾಲ್ಜ್‌ಬರ್ಗ್ ಮತ್ತು ವಿಯೆನ್ನಾ ಸೇರಿ ಆಸ್ಟ್ರಿಯಾದಲ್ಲೇ ಮೂರು ರಾತ್ರಿ, ಬೇರೆ ಎಲ್ಲೂ ಎರಡಕ್ಕಿಂತ ಇಲ್ಲ. ಊರುಗಳನ್ನು ಬದಲಿಸಿದರೆ ಮತ್ತೆ ಲೆಕ್ಕ ಹಾಕಿ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂತ ಬೇರೆ ದೇಶಕ್ಕೆ ಹಾಕುವುದು ಬೇಡ. ಹೋಟೆಲ್ ಬುಕಿಂಗ್ ನೋಡಿದರೆ ಅವರಿಗೆ ಗೊತ್ತಾಗುತ್ತದೆ.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿವರೆಗೆ ಕಾಯಲೇಬೇಡಿ, ತೀರ್ಮಾನಕ್ಕೆ 45 ದಿನದವರೆಗೂ ಹೋಗಬಹುದು. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ ಇರಬೇಕು. ಪಾಸ್‌ಪೋರ್ಟ್ ನೀವು ಷೆಂಗೆನ್ ಬಿಟ್ಟು ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಮತ್ತು ಅದು ಕೊಟ್ಟು ಹತ್ತು ವರ್ಷ ಮೀರಿರಬಾರದು. ಅಮ್ಮನ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ.

ನಿಮ್ಮ ಏಳೂ ದೇಶ ಷೆಂಗೆನ್ ಒಳಗಿವೆ. ಕ್ರೊಯೇಷಿಯಾ 2023ರ ಜನವರಿ 1ರಂದು ಸೇರಿತು. ಆದರೆ ಯಾರಾದರೂ “ಬುಡಾಪೆಸ್ಟ್‌ನಿಂದ ಬೆಲ್‌ಗ್ರೇಡ್‌ಗೂ ಹೋಗಿಬನ್ನಿ” ಅಂದರೆ ಹುಷಾರು. ಸರ್ಬಿಯಾ ಷೆಂಗೆನ್‌ನಲ್ಲಿ ಇಲ್ಲ. ಸಿಂಗಲ್ ಎಂಟ್ರಿ ವೀಸಾ ಇದ್ದವರು ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಆಗುವುದಿಲ್ಲ.

ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂದುಕೊಂಡು ಪಾಸ್‌ಪೋರ್ಟ್ ಸೂಟ್‌ಕೇಸ್‌ನ ತಳದಲ್ಲಿ ಇಡಬೇಡಿ. ಕೆಲವು ಗಡಿಗಳಲ್ಲಿ ರೈಲಿನೊಳಗೇ ಪೊಲೀಸರು ಬಂದು ನೋಡುತ್ತಾರೆ.

ಬೆಟ್ಟದದಾರಿ:

ರೈಲುಕಿಟಕಿ ಅವರ ಮಾತು ಸರಿ, ಆದರೆ ಮೂರು ದೊಡ್ಡ ರಾಜಧಾನಿಗಳನ್ನೇ ನೋಡಬೇಕು ಅಂತ ಏನಿದೆ? ಅರಮನೆ, ಚರ್ಚ್, ಮ್ಯೂಸಿಯಂ ನೋಡಿ ನೋಡಿ ಐದನೇ ದಿನಕ್ಕೆ ಸಾಕಾಗುತ್ತದೆ. ನಿಮಗೆ ಹಸಿರು ಇಷ್ಟ ಇದ್ದರೆ ವಿಯೆನ್ನಾ, ಗ್ರಾಜ್, ಲ್ಯುಬ್ಲ್ಯಾನಾ ದಾರಿ ಯೋಚಿಸಿ. ವಿಯೆನ್ನಾದಿಂದ ತೆಂಕಣಕ್ಕೆ ಹೋಗುವ ರೈಲು ಸೆಮ್ಮರಿಂಗ್ ಘಾಟಿ ಹತ್ತುತ್ತದೆ. 1854ರಲ್ಲಿ ಶುರುವಾದ ಹಳಿ ಅದು, ಕಲ್ಲಿನ ಕಮಾನು ಸೇತುವೆಗಳ ಮೇಲೆ ಸುತ್ತಿ ಸುತ್ತಿ ಹೋಗುತ್ತದೆ. ಲ್ಯುಬ್ಲ್ಯಾನಾದ ಹಳೇ ಪೇಟೆಯಲ್ಲಿ ಕಾರುಗಳೇ ಇಲ್ಲ, ಕೋಟೆಗೆ ಹಳಿ ಮೇಲೆ ಎಳೆದೊಯ್ಯುವ ಫ್ಯುನಿಕ್ಯುಲರ್ ಇದೆ, ಬ್ಲೆಡ್ ಸರೋವರ ಒಂದು ಗಂಟೆ ದೂರ. ಅಮ್ಮನಿಗೆ ಇದಕ್ಕಿಂತ ಹಾಯಾದ ಊರು ಸಿಗುವುದು ಕಷ್ಟ.

ವೆನಿಸ್ ಮಾತ್ರ ಈ ಸಲ ಬಿಡಿ. 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು.

ಕಾರಿನ ಬಗ್ಗೆ: ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಬೇರೆ ಶುಲ್ಕ ಹಾಕುತ್ತಾರೆ, ಅದು ಬಾಡಿಗೆಗಿಂತ ಜಾಸ್ತಿ ಆದದ್ದೂ ಇದೆ. ಆಸ್ಟ್ರಿಯಾ, ಚೆಕ್, ಸ್ಲೊವಾಕಿಯಾ, ಹಂಗೇರಿ, ಸ್ಲೊವೇನಿಯಾ ಐದರಲ್ಲೂ ಹೆದ್ದಾರಿಗೆ ವಿನ್ಯೆಟ್ (ಮೊದಲೇ ದುಡ್ಡು ಕೊಟ್ಟು ಪಡೆಯುವ ರಸ್ತೆ ಪಾಸ್) ಬೇಕು, ಒಂದೊಂದು ದೇಶಕ್ಕೂ ಬೇರೆ ಬೇರೆ. ಕಾರು ಬೇಕೇ ಬೇಕು ಅನಿಸಿದರೆ ಸ್ಲೊವೇನಿಯಾದೊಳಗೆ ಎರಡು ದಿನ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಿ.

ಚಿಲ್ಲರೆಲೆಕ್ಕ:

ಚಿಕ್ಕದಾಗಿ ದುಡ್ಡಿನ ಮಾತು. ಆಸ್ಟ್ರಿಯಾ, ಸ್ಲೊವಾಕಿಯಾ, ಸ್ಲೊವೇನಿಯಾದಲ್ಲಿ ಯೂರೋ. ಚೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಅಲ್ಲಿ ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ದರ ಅವರು ಹೇಳಿದ್ದೇ. ಕಾರ್ಡ್ ಹಾಕಿದಾಗ ಮೆಷಿನ್ “ನಿಮ್ಮ ದೇಶದ ಕರೆನ್ಸಿಯಲ್ಲಿ ಕೊಡುತ್ತೀರಾ” ಅಂತ ಕೇಳುತ್ತದೆ. ಬೇಡ ಅನ್ನಿ, ಸ್ಥಳೀಯ ಕರೆನ್ಸಿಯನ್ನೇ ಆರಿಸಿ. ಎಟಿಎಂನಲ್ಲೂ ಹಾಗೇ. ಇದೊಂದರಲ್ಲೇ ನಾವು ಮೊದಲ ಸಲ ಸಾಕಷ್ಟು ಕಳೆದುಕೊಂಡೆವು.

ಪ್ರಾಗ್‌ನಲ್ಲಿ ಕಾಗದದ ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಹತ್ತಿದ ತಕ್ಷಣ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದಿದ್ದರೆ ದಂಡ. ವಿಯೆನ್ನಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ಹಣ್ಣು, ಹಾಲು, ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ.

ಸೆಪ್ಟೆಂಬರ್‌ಪಯಣ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮೂವರೂ ಕೂತು ಓದಿದೆವು. ಆ ನಾಲ್ಕು ದಿನದ ಲೆಕ್ಕ ಕೇಳಿ ಅಮ್ಮ “ಅಷ್ಟು ಓಡಾಡೋಕೆ ಯಾಕೆ ಹೋಗಬೇಕು” ಅಂದರು. ಲ್ಯುಬ್ಲ್ಯಾನಾ ಬಿಡಲು ನನಗೆ ಮನಸ್ಸಿಲ್ಲ, ಆದರೂ ಮೊದಲ ಸಲ ಅಲ್ವಾ, ಒಂದೇ ಸಾಲು ಹಿಡಿಯುತ್ತೇವೆ. ಪ್ರಾಗ್ 4, ವಿಯೆನ್ನಾ 5, ಬುಡಾಪೆಸ್ಟ್ 4. ಹಾಗಾದರೆ ವೀಸಾ ಆಸ್ಟ್ರಿಯಾಕ್ಕೇ ಅಂತಾಯಿತು. ಬ್ರಾಟಿಸ್ಲಾವಾಗೆ ಒಂದು ದಿನ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹೆಂಡತಿಗೆ ಆಸ್ಟ್ರಿಯಾದ ಸರೋವರದ ದಡದಲ್ಲಿರುವ ಹಾಲ್‌ಸ್ಟಾಟ್ ಹಳ್ಳಿ ನೋಡಬೇಕಂತೆ. ವಿಯೆನ್ನಾದಿಂದ ಹೋಗಿ ಅದೇ ದಿನ ಬರಬಹುದಾ?

ರೈಲುಕಿಟಕಿ:

ಬರಬಹುದು, ಆದರೆ ಹೋಗಲು ಮೂರೂವರೆ ಗಂಟೆ, ಬರಲು ಮೂರೂವರೆ ಗಂಟೆ, ಮಧ್ಯೆ ರೈಲು ಬದಲಿಸಿ ಕೊನೆಗೆ ಸರೋವರ ದಾಟಲು ದೋಣಿ. ಅಮ್ಮನ ಜೊತೆ ನಾನಂತೂ ಹೋಗುವುದಿಲ್ಲ. ಅದರ ಬದಲು ವಾಖಾವ್ ಕಣಿವೆಗೆ ಹೋಗಿ. ವಿಯೆನ್ನಾದಿಂದ ಮೆಲ್ಕ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಅಲ್ಲಿನ ಮಠ ನೋಡಿ, ಡ್ಯಾನ್ಯೂಬ್‌ನಲ್ಲಿ ದೋಣಿ ಹತ್ತಿ ಕ್ರೆಮ್ಸ್‌ನಲ್ಲಿ ಇಳಿದು ರೈಲಿನಲ್ಲಿ ವಾಪಸ್. ಮೆಲ್ಕ್‌ನಿಂದಲೇ ಶುರು ಮಾಡಿ, ಆಗ ನದಿಯ ಹರಿವಿನ ಜೊತೆ ಹೋಗುತ್ತೀರಿ, ಎದುರು ಬಂದರೆ ತುಂಬಾ ಹೊತ್ತು ಹಿಡಿಯುತ್ತದೆ. ದೋಣಿಯಲ್ಲಿ ಕೂತೇ ಎರಡೂ ಕಡೆ ದ್ರಾಕ್ಷಿ ತೋಟ ನೋಡಬಹುದು, ಮೆಟ್ಟಿಲಿನ ಚಿಂತೆ ಇಲ್ಲ. ಡುರ್ನ್‌ಸ್ಟೈನ್ ಬಂದಾಗ ಎಡಗಡೆ ನೋಡಿ, ನೀಲಿ ಬಣ್ಣದ ಗೋಪುರ ಕಾಣುತ್ತದೆ. ಅದರ ಮೇಲಿನ ಗುಡ್ಡದಲ್ಲಿ ಪಾಳು ಕೋಟೆ ಇದೆಯಲ್ಲ, ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್‌ನನ್ನು 1192ರಲ್ಲಿ ಹಿಡಿದು ಸೆರೆ ಇಟ್ಟಿದ್ದು ಅಲ್ಲೇ.