ಫಾರ್ಮಲಿನ್ ಹಲ್ಲು, ಸಲೈನ್ ಹಲ್ಲು ಎರಡನ್ನೂ ಬೆರೆಸಿ ಬಾಂಡ್ ಸ್ಟ್ರೆಂತ್ (ಅಂಟಿನ ಬಲ) ನೋಡಬಹುದಾ?

ಪಿಜಿ ಎರಡನೇ ವರ್ಷ:
ಡೆಂಟಿನ್ (ಎನಾಮೆಲ್ ಕೆಳಗಿನ ಹಲ್ಲಿನ ಪದರ) ಮೇಲೆ ಎರಡು ಬಾಂಡಿಂಗ್ ಏಜೆಂಟ್‌ಗಳ (ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸೋ ರೆಸಿನ್ ಅಂಟು) ಹೋಲಿಕೆ ನನ್ನ ಥೀಸಿಸ್. ಡಿಪಾರ್ಟ್‌ಮೆಂಟಿನ ಹಳೇ ಡಬ್ಬಿಯಲ್ಲಿ ಫಾರ್ಮಲಿನ್‌ಗೆ (ಫಾರ್ಮಾಲ್ಡಿಹೈಡ್ ಬೆರೆಸಿದ ನೀರು) ಹಾಕಿಟ್ಟ ಪ್ರೀಮೋಲಾರ್‌ಗಳು (ದವಡೆ ಹಲ್ಲಿಗೆ ಮುಂಚಿನವು) ಬೇಕಾದಷ್ಟಿವೆ. ಹೊಸದಾಗಿ ಕಿತ್ತವು ಕಡಿಮೆ, ಅವು ಸಲೈನ್‌ನಲ್ಲಿವೆ (ಉಪ್ಪುನೀರು). ಬೆರೆಸಿ ಚೀಟಿ ಎತ್ತಿ ಗುಂಪು ಮಾಡಿದರೆ ನಡೆಯುತ್ತಲ್ವಾ?

ಮೆಟೀರಿಯಲ್ಸ್ ಲ್ಯಾಬ್:
ಬೇಡ. ಚೀಟಿ ಎತ್ತಿದರೆ ಪಕ್ಷಪಾತ ತಪ್ಪಬಹುದು, ಆದರೆ ಗುಂಪಿನೊಳಗಿನ ಏರುಪೇರು ಹೆಚ್ಚುತ್ತೆ. ಏಜೆಂಟ್‌ಗಳ ನಡುವೆ ನಿಜವಾಗಿ ಇರೋ ವ್ಯತ್ಯಾಸವೂ ಅದರಲ್ಲಿ ಮುಚ್ಚಿಹೋಗುತ್ತೆ.

ಎಚ್ ಮಾಡಿದ ಮೇಲೆ (ಆಮ್ಲ ಹಚ್ಚಿ ಮೇಲಿನ ಖನಿಜ ತೆಗೆದ ಮೇಲೆ) ರೆಸಿನ್ ಇಳಿಯೋದು ಡೆಂಟಿನ್‌ನ ಕೊಲಾಜೆನ್ (ಪ್ರೋಟೀನ್ ಎಳೆಗಳ) ಬಲೆಯೊಳಕ್ಕೆ. ಫಾರ್ಮಾಲ್ಡಿಹೈಡ್ ಆ ಎಳೆಗಳನ್ನೇ ಒಂದಕ್ಕೊಂದು ಬೆಸೆದುಬಿಡುತ್ತೆ. ಅಂದರೆ ನೀವು ಅಳೆಯೋದು ರೋಗಿಯ ಬಾಯಲ್ಲಿರೋ ಡೆಂಟಿನ್ ಅಲ್ಲ. ಸಾಲದ್ದಕ್ಕೆ, ಬಫರ್ (ಹುಳಿ ಏರದಂತೆ ತಡೆಯೋ ಲವಣ) ಇಲ್ಲದ ಹಳೇ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ಖನಿಜವನ್ನೂ ಕರಗಿಸುತ್ತೆ.

ಸಲೈನೂ ಸಾಚಾ ಅಲ್ಲ. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇಲ್ಲ, ಹಾಗಾಗಿ ಹಲ್ಲಿನಲ್ಲಿರೋ ಅವು ಕರಗಿ ಹೊರಬರುತ್ತವೆ. ನೀವು ಮೇಲ್ಮೈಯನ್ನು ಹೇಗೂ ಉಜ್ಜಿ ತೆಗೀತೀರಿ, ಅಷ್ಟು ನಷ್ಟವಿಲ್ಲ. ನ್ಯಾನೋಹಾರ್ಡ್‌ನೆಸ್ (ಮೇಲ್ಮೈಯ ಅತಿ ಸೂಕ್ಷ್ಮ ಗಡಸುತನ) ಅಳೆಯೋರಿಗಾದರೆ ಡಿಸ್ಟಿಲ್ಡ್ ವಾಟರೂ ತಲೆನೋವೇ, ಅಲ್ಲಿ ಹ್ಯಾಂಕ್ಸ್ ದ್ರಾವಣ (ಕ್ಯಾಲ್ಸಿಯಂ, ಫಾಸ್ಫೇಟ್ ಇರೋ ಲವಣ ದ್ರಾವಣ) ವಾಸಿ.

ಬಾಂಡ್ ಪರೀಕ್ಷೆಗೆ ಐಎಸ್ಒ 11405 ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ ನೋಡಿ. ಕಿತ್ತ ತಕ್ಷಣ ರಕ್ತ, ಅಂಟಿದ ಅಂಗಾಂಶ ತೆಗೆದು ತೊಳೀರಿ. 0.5% ಕ್ಲೋರಮಿನ್-ಟಿಯಲ್ಲಿ (ಬ್ಯಾಕ್ಟೀರಿಯಾ ತಡೆಯೋ ದ್ರಾವಣ) ಹೆಚ್ಚೆಂದರೆ ಒಂದು ವಾರ. ಆಮೇಲೆ ಡಿಸ್ಟಿಲ್ಡ್ ವಾಟರ್, ಫ್ರಿಜ್‌ನಲ್ಲಿ 4 ಡಿಗ್ರಿ, ನೀರು ಆಗಾಗ ಬದಲಿಸ್ತಾ ಇರಿ. ಒಂದು ತಿಂಗಳೊಳಗೆ ಬಳಸಿದರೆ ಉತ್ತಮ, 6 ತಿಂಗಳು ದಾಟಬಾರದು. ಲೆಕ್ಕ ಹಲ್ಲು ಕಿತ್ತ ದಿನದಿಂದ, ನಿಮ್ಮ ಕೈಗೆ ಬಂದ ದಿನದಿಂದಲ್ಲ. ತಾರೀಖಿಲ್ಲದ ಡಬ್ಬಿ ಯಾರೇ ಕೊಟ್ಟರೂ ನಾನು ಒಳಗೆ ಸೇರಿಸಲ್ಲ.

ಎಂಡೋ (ರೂಟ್ ಕೆನಾಲ್ ವಿಭಾಗದ) ಹುಡುಗ:
ಸೋಂಕಿನ ಭಯಕ್ಕೆ ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್) ನೆನೆಸಿದರೆ? ಇಲ್ಲಾ ಆಟೋಕ್ಲೇವ್ (ಬಿಸಿ ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲೋ ಯಂತ್ರ)?

ಮೆಟೀರಿಯಲ್ಸ್ ಲ್ಯಾಬ್:
ಹೈಪೋ ಕೊಲಾಜೆನನ್ನೇ ತಿನ್ನುತ್ತೆ, ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗೋಕೆ ಅಡ್ಡಿ. ನಿಮ್ಮ ರೂಟ್ ಕೆನಾಲ್‌ಗೆ ಸರಿ, ಈ ಥೀಸಿಸ್‌ಗೆ ಬೇಡ. ಆಟೋಕ್ಲೇವ್ ಬಿಸಿಗೂ ಕೊಲಾಜೆನ್ ಬದಲಾಗುತ್ತೆ. ಅಮಾಲ್ಗಮ್ (ಪಾದರಸ ಬೆರೆತ ಲೋಹದ ಫಿಲ್ಲಿಂಗ್) ತುಂಬಿದ ಹಲ್ಲನ್ನಂತೂ ಒಳಗೆ ಇಡಲೇಬೇಡಿ, ಪಾದರಸದ ಆವಿ ಏಳುತ್ತೆ. ಕ್ಲೋರಮಿನ್ ಹಾಕಿದ ಮೇಲೂ ಗ್ಲೌಸ್, ಮಾಸ್ಕ್ ಬಿಡಬೇಡಿ, ಅದರಿಂದ ಹಲ್ಲು ಸ್ಟೆರೈಲ್ ಆಗಲ್ಲ.

ಪಿಜಿ ಎರಡನೇ ವರ್ಷ:
ಥ್ಯಾಂಕ್ಸ್ ಮೇಡಂ. ಹಾಗಾದರೆ ಫಾರ್ಮಲಿನ್ ಡಬ್ಬಿ ಏನು ಮಾಡಲಿ?

ಮೆಟೀರಿಯಲ್ಸ್ ಲ್ಯಾಬ್:
ಜೂನಿಯರ್‌ಗಳಿಗೆ ಕ್ಯಾವಿಟಿ ಕಟಿಂಗ್ ಅಭ್ಯಾಸಕ್ಕೆ ಕೊಡಿ. ಚೆನ್ನಾಗಿ ತೊಳೆದು ಕೊಡಿ, ಆ ಘಾಟು ಕಣ್ಣಿಗೆ ಬಡಿಯುತ್ತೆ.